ಎದುರು ಮನೆಯ ಫ್ಯಾನು

ಕರೆಂಟು ಹೋದ ಕೂಡಲೇ ಮನುಷ್ಯ ಮೊದಲು ಏನು ಮಾಡುತ್ತಾನೆ ಎಂದು ಕೇಳಿದರೆ, ಮೇಣದಬತ್ತಿ ಹುಡುಕುತ್ತಾನೆ ಎಂದು ನೀವು ಹೇಳಬಹುದು. ನಾನು ಬಾಗಿಲು ತೆರೆದು ಎದುರು ಮನೆಯಲ್ಲೂ ಹೋಗಿದೆಯೇ ಎಂದು ನೋಡುತ್ತೇನೆ. ಅಲ್ಲೂ ಹೋಗಿದ್ದರೆ ಮನಸ್ಸಿಗೆ ಎಂಥದೋ ತಂಪು. ಆ ತಂಪಿನಲ್ಲಿ ಫ್ಯಾನಿಲ್ಲದೆಯೂ ಒಂದಷ್ಟು ಹೊತ್ತು ಕಳೆಯಬಲ್ಲೆ. ಅಲ್ಲಿ ದೀಪ ಉರಿಯುತ್ತಿದ್ದರೆ ಮಾತ್ರ ಮುಂಬಯಿಯ ಸೆಕೆಯೆಲ್ಲ ನನ್ನ ಬನಿಯನ್ನಿನೊಳಗೇ ಬಂದು ಕೂತ ಹಾಗಾಗುತ್ತದೆ.

ಎದುರು ಮನೆಯಲ್ಲಿರುವವನು ಜಗದೀಶ. ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿ ಸುಮತಿಯ ತಂಗಿಯ ಗಂಡ. ಚೆಂಬೂರಿನ ಈ ಹಳೆಯ ಬಿಲ್ಡಿಂಗಿನಲ್ಲಿ ಮಹಡಿಗೆ ಎರಡರಂತೆ ಆರು ಮನೆಗಳು. ನಾವೂ ಅವರೂ ಬಾಗಿಲಿಗೆ ಬಾಗಿಲು. ಅಕ್ಕತಂಗಿಯರು ಹತ್ತಿರದಲ್ಲಿರಲಿ ಎಂದು ಅತ್ತೆಯೇ ಆಸೆಪಟ್ಟು ಮಾಡಿಸಿದ ಏರ್ಪಾಡಿದು. ಅಕ್ಕತಂಗಿಯರು ಹತ್ತಿರವಿದ್ದರೆ ಅವರ ಗಂಡಂದಿರೂ ಹತ್ತಿರವಿರಬೇಕಾಗುತ್ತದೆ ಎಂಬುದನ್ನು ಆಗ ಯಾರೂ ಯೋಚಿಸಿದಂತಿಲ್ಲ. ನೆಂಟಸ್ತಿಕೆಗಳಲ್ಲೆಲ್ಲ ಈ ಷಡ್ಡಕತನ ಒಂದು ವಿಚಿತ್ರ. ಅಣ್ಣತಮ್ಮಂದಿರಿಗೆ ಹಂಚಿಕೊಳ್ಳಲು ಆಸ್ತಿಯಾದರೂ ಇರುತ್ತದೆ, ಹಂಚಿಕೆ ಸರಿಹೋಗದಿದ್ದರೆ ಕೋರ್ಟಾದರೂ ಇರುತ್ತದೆ. ಷಡ್ಡಕರಿಗೆ ಹಂಚಿಕೊಳ್ಳಲು ಇರುವುದು ಒಬ್ಬ ಅತ್ತೆಯ ಮೆಚ್ಚುಗೆ ಮಾತ್ರ. ಅದನ್ನು ಯಾವ ಕೋರ್ಟೂ ಅಳತೆ ಮಾಡಿ ಕೊಡುವುದಿಲ್ಲ.

ಅತ್ತೆ ಇರುವುದು ನಮ್ಮ ಮನೆಯಲ್ಲಿ. ಅವರ ಮಂಚ, ದೇವರ ಪಟ, ಮಾತ್ರೆಯ ಡಬ್ಬಿ, ಉಡುಪಿಯಿಂದ ತಂದ ಬೆತ್ತದ ಕುರ್ಚಿ, ಎಲ್ಲವೂ ನಮ್ಮಲ್ಲಿ. ಹೊಗಳಿಕೆ ಮಾತ್ರ ಎದುರು ಮನೆಯಲ್ಲಿ. ಜಗದೀಶ ದಾದರಿನ ಒಂದು ಹೋಟೆಲಿನಲ್ಲಿ ಕ್ಯಾಶಿನಲ್ಲಿ ಕೂರುತ್ತಾನೆ. ಮಧ್ಯಾಹ್ನದ ಊಟದ ಗಿರಾಕಿಗಳು ಮುಗಿದ ಮೇಲೆ ಮನೆಗೆ ಬಂದು ಒಂದು ನಿದ್ದೆ ತೆಗೆದು ಮತ್ತೆ ಹೋಗುತ್ತಾನೆ. ಬರುವಾಗ ಕೈಯಲ್ಲಿ ಏನಾದರೂ ಪೊಟ್ಟಣ ಇದ್ದೇ ಇರುತ್ತದೆ. ನಾನು ಬಾಂದ್ರಾದ ವಿಮಾ ಕಚೇರಿಯವನು. ಅಲ್ಲಿಂದ ಮನೆಗೆ ತರಬಹುದಾದದ್ದು ಚಿಂತೆ ಒಂದೇ. ಅದನ್ನು ಅತ್ತೆಗೆ ಕೊಟ್ಟರೆ ಅವರು ತಿನ್ನುವುದಿಲ್ಲ.

ಚಿಂತೆಯ ವಿಷಯ ಬಂದದ್ದರಿಂದ ಹೇಳಿಬಿಡುತ್ತೇನೆ. ಗ್ಯಾಸಿನ ನಾಬ್ ತಿರುಗಿಸಿದ್ದೇನೆಯೇ ಎಂದು ನೋಡಲು ಸ್ಟೇಷನ್ನಿನಿಂದ ವಾಪಸು ಬಂದವನು ನಾನು. ಬೀಗವನ್ನು ಎಳೆದು ನೋಡುತ್ತೇನೆ, ಎಳೆದು ನೋಡಿದ್ದು ನಿಜವೇ ಎಂದು ಇನ್ನೊಮ್ಮೆ ಎಳೆಯುತ್ತೇನೆ. ಆದರೆ ನನ್ನ ಚಿಂತೆಗಳಿಗೆ ಒಂದು ಸ್ವಭಾವವಿದೆ: ಅವು ಎಂದೂ ಆಗದ ಅನಾಹುತಗಳನ್ನೇ ಆರಿಸಿಕೊಳ್ಳುತ್ತವೆ. ನಿಜವಾದ ಅನಾಹುತ ಬರುವಾಗ ಅವೆಲ್ಲ ಬೇರೆ ಕಡೆ ಕೆಲಸದಲ್ಲಿರುತ್ತವೆ.

ಮುಂಬಯಿಯಲ್ಲಿ ಕರೆಂಟು ಹೋಗುವುದಿಲ್ಲ ಎಂದು ಇಲ್ಲಿಯವರು ಊರಿನ ನೆಂಟರ ಮುಂದೆ ಜಂಬ ಕೊಚ್ಚುವುದುಂಟು. ಅದು ಬಹುಮಟ್ಟಿಗೆ ನಿಜವೇ. ಆದರೆ ನಮ್ಮ ಬಿಲ್ಡಿಂಗಿನ ಮೆಟ್ಟಿಲ ಕೆಳಗಿರುವ ಮೀಟರ್ ಬೋರ್ಡು ಮುಂಬಯಿಗೆ ಸೇರಿದ್ದಲ್ಲ ಎಂಬಂತೆ ವರ್ತಿಸುತ್ತದೆ. ಬೀದಿಯಿಂದ ಅಲ್ಲಿಗೆ ಕರೆಂಟು ಮೂರು ತಂತಿಗಳಲ್ಲಿ ಬರುತ್ತದೆ. ಒಂದೊಂದಕ್ಕೂ ಫೇಸ್ ಎಂದು ಹೆಸರು. ಒಂದೊಂದು ಫೇಸಿಗೆ ಎರಡೆರಡು ಮನೆ. ಒಂದು ಫೇಸ್ ಹೋದರೆ ಎರಡು ಮನೆಗಳಲ್ಲಿ ಕತ್ತಲು, ಉಳಿದ ನಾಲ್ಕರಲ್ಲಿ ಬೆಳಕು. ಹೊಟ್ಟೆಕಿಚ್ಚಿಗೆ ಇದಕ್ಕಿಂತ ಅನುಕೂಲವಾದ ಏರ್ಪಾಡನ್ನು ಯಾವ ಇಂಜಿನಿಯರನೂ ಬೇಕೆಂದೇ ಮಾಡಲಾರ. ಇಡೀ ಊರು ಕತ್ತಲಾದರೆ ಮನುಷ್ಯ ಸರ್ಕಾರವನ್ನು ಬೈಯುತ್ತಾನೆ. ತನ್ನ ಮನೆ ಮಾತ್ರ ಕತ್ತಲಾದರೆ ನೆರೆಯವನನ್ನು ನೋಡುತ್ತಾನೆ.

ಹೋಗುತ್ತಿದ್ದದ್ದು ಯಾವಾಗಲೂ ನನ್ನ ಫೇಸೇ. ಹೋದ ತಕ್ಷಣ ಅತ್ತೆ ಎದ್ದು, ಬೆತ್ತದ ಕುರ್ಚಿಯನ್ನು ಎತ್ತಿಕೊಂಡು, ಎರಡು ಬಾಗಿಲುಗಳ ನಡುವಿನ ಜಾಗ ದಾಟಿ ಜಗದೀಶನ ಫ್ಯಾನಿನ ಕೆಳಗೆ ಹೋಗಿ ಕೂರುತ್ತಿದ್ದರು. ಆ ಕುರ್ಚಿಯ ಕಾಲು ನಮ್ಮ ಹೊಸ್ತಿಲಿಗೆ ತಾಗಿ ಟಕ್ಕೆಂದು ಸದ್ದಾಗುತ್ತಿತ್ತಲ್ಲ, ಅದು ನನಗೆ ಮೇಜಿಗೆ ಬಡಿದ ಜಡ್ಜನ ಸುತ್ತಿಗೆಯ ಹಾಗೆ ಕೇಳಿಸುತ್ತಿತ್ತು.

ಒಂದು ದಿನ ವೈರ್‌ಮನ್ ತಾವಡೆಯನ್ನು ಹಿಡಿದುಕೊಂಡೆ. ನಮ್ಮ ಬಿಲ್ಡಿಂಗಿನ ಬಲ್ಬಿನಿಂದ ಹಿಡಿದು ಪಂಪಿನವರೆಗೆ ಎಲ್ಲಕ್ಕೂ ಅವನೇ. ನನ್ನ ಮನೆಯನ್ನೂ ಎದುರು ಮನೆಯ ಫೇಸಿಗೇ ಸೇರಿಸು ಎಂದೆ.

"ಸಾಬ್, ಉಧರ್ ಲೋಡ್ ಜಾಸ್ತಿ ಹೋಗಾ," ಎಂದ ತಾವಡೆ, ಆ ಫೇಸಿಗೆ ಹೊರೆ ಹೆಚ್ಚಾಗುತ್ತದೆ ಎಂದು.

"ಆಗಲಿ," ಎಂದೆ. ಲೋಡು ಯಾರ ಎದೆಯ ಮೇಲಿತ್ತು ಎಂದು ಅವನಿಗೇನು ಗೊತ್ತು!

ಸೇರಿಸಿದ. ಈಗ ಆ ಫೇಸಿನಲ್ಲಿ ಮೂರು ಮನೆಗಳಾದವು: ಜಗದೀಶನದು, ನನ್ನದು, ಮತ್ತು ಮೇಲೆ ಯಾವಾಗಲೂ ಬೀಗ ಹಾಕಿರುವ ಒಂದು ಮನೆ. ಅದಾದ ಮೇಲೆ ನನ್ನ ಹಳೆಯ ಫೇಸ್ ಒಮ್ಮೆಯೂ ಹೋಗಲಿಲ್ಲ. ಹೊಸದು ಹೋಗತೊಡಗಿತು. ಪೋಸ್ಟಾಫೀಸಿನಲ್ಲಿ ನಿಧಾನದ ಸಾಲು ಬಿಟ್ಟು ವೇಗದ ಸಾಲಿಗೆ ಸೇರಿದವರಿಗೆಲ್ಲ ಇದರ ಅನುಭವವಿದೆ. ಅತ್ತೆ ಮಾತ್ರ ಬೇರೆಯೇ ಕಾರಣ ಹೇಳಿದರು: "ಅಳಿಯಂದ್ರು ಕಣ್ಣು ಹಾಕಿ ಹಾಕಿ ಆ ಫೇಸಿಗೂ ದೃಷ್ಟಿ ಆಯ್ತು ಮಾರಾಯ್ತಿ." ಹೇಳಿದ್ದು ಸುಮತಿಗೆ, ಕೇಳಬೇಕಾದವನು ನಾನು.

ಆದರೂ ನನಗೆ ಸಮಾಧಾನವೇ. ಕತ್ತಲಾದರೆ ಇಬ್ಬರಿಗೂ ಕತ್ತಲು. ಸಮಾನತೆ ಎಂದರೆ ಇದೇ ಎಂದುಕೊಂಡೆ. ಆ ಸಮಾನತೆಯಲ್ಲೂ ಅತ್ತೆಯ ಕುರ್ಚಿ ಹೊಸ್ತಿಲು ದಾಟಿತು. ಕಾರಣ ಕೇಳಿದರೆ, "ಅವನ ಹಾಲಿನ ಕಿಟಕಿಯಲ್ಲಿ ಸ್ವಲ್ಪ ಗಾಳಿ ಉಂಟು."

ಮರುವಾರ ನಾನು ಇನ್ವರ್ಟರ್ ತಂದೆ.

ಬ್ಯಾಟರಿಯನ್ನು ಇಬ್ಬರು ಹೊತ್ತು ತರುವಾಗ ಎದುರು ಬಾಗಿಲಿನ ಜಾಲರಿಯ ಹಿಂದೆ ಜಗದೀಶ ನಿಂತಿದ್ದ. "ಎಂತ ಭಾವ, ಮನೆಗೆ ಟ್ರಕ್ಕು ತರಿಸ್ತಿದ್ದೀರಾ?" ಎಂದ. ನಗುತ್ತಲೇ ಎಂದ. ಆದರೆ ನಗು ಹಲ್ಲಿನಿಂದ ಮೇಲಕ್ಕೆ, ಕಣ್ಣಿನ ತನಕ ಹೋಗಲಿಲ್ಲ. ಆ ಮಧ್ಯಾಹ್ನ ನಾನು ಎರಡು ಹೋಳಿಗೆ ಹೆಚ್ಚು ತಿಂದೆ.

ಇನ್ವರ್ಟರ್ ಕೂರಿಸುವವನು, ಇದಕ್ಕೆ ಬೇರೆ ವೈರು ಎಳೆಯಬೇಕು, ಒಂದು ಫ್ಯಾನು, ಎರಡು ಟ್ಯೂಬಿಗೆ ಮಾತ್ರ ಕೊಡುತ್ತೇನೆ, ಬರುವ ವಾರ ಬರುತ್ತೇನೆ ಎಂದು ಹೇಳಿ ಹೋದ. ಒಂದು ಫ್ಯಾನು, ಎರಡು ಟ್ಯೂಬು! ಅದಕ್ಕಾಗಿಯೇ ನಾನು ಇಷ್ಟು ದೊಡ್ಡ ಪೆಟ್ಟಿಗೆ ತಂದೆನೇ? ದೇವರ ಮುಂದಿನ ಪುಟ್ಟ ಬಲ್ಬಿನಿಂದ ಹಿಡಿದು ಬಾಲ್ಕನಿಯ ದೀಪದವರೆಗೆ ಎಲ್ಲವೂ ಉರಿಯಬೇಕು. ಎದುರು ಮನೆ ಕತ್ತಲಲ್ಲಿದ್ದಾಗ ನನ್ನದು ಮದುವೆ ಮನೆಯ ಹಾಗೆ ಕಾಣಬೇಕು. ನನಗೆ ದಾರಿ ತೋರಿಸಿದವನು ನಮ್ಮ ಕಚೇರಿಯಲ್ಲಿ ಪಕ್ಕದ ಮೇಜಿನವನು. ಅವನು ಬದ್ಲಾಪುರದಿಂದ ಬರುತ್ತಾನೆ. ಅವನದು ಎಲ್ಲವೂ ಉಲ್ಟಾ ದಾರಿ. ಸಂಜೆ ದಾದರಿನಲ್ಲಿ ಮನೆಯ ಕಡೆಯ ಗಾಡಿಯಲ್ಲಿ ಸೀಟು ಸಿಗುವುದಿಲ್ಲವೆಂದು ಮೊದಲು ಎದುರು ದಿಕ್ಕಿನ ಲೋಕಲ್ ಹತ್ತಿ ಗಾಡಿ ಹೊರಡುವ ಸ್ಟೇಷನ್ನಿಗೇ ಹೋಗಿ, ಸೀಟಿನಲ್ಲಿ ಕೂತಲ್ಲೇ ಕೂತು ವಾಪಸು ಬರುವವರಿದ್ದಾರಲ್ಲ, ಅವರಲ್ಲಿ ಅವನೊಬ್ಬ. ಕರೆಂಟಿನಲ್ಲೂ ಹಾಗೇ ಮಾಡಬಹುದು ಎಂದ. ಒಂದು ವೈರು, ಅದರ ಎರಡು ತುದಿಗೂ ಪಿನ್ನು. ಒಂದು ತುದಿ ಇನ್ವರ್ಟರಿಗೆ, ಇನ್ನೊಂದು ಗೋಡೆಯ ಪ್ಲಗ್ಗಿಗೆ. ಯಾವ ತೂತಿನಿಂದ ಕರೆಂಟು ಹೊರಗೆ ಬರುತ್ತಿತ್ತೋ ಅದರಿಂದಲೇ ಒಳಗೆ ಹೋಗಿ ಇಡೀ ಮನೆಗೆ ಹರಡುತ್ತದೆ. "ಅದಕ್ಕೆ ಮೊದಲು ಮನೆಯ ಮೇನ್ ಸ್ವಿಚ್ ಬಂದ್ ಮಾಡಬೇಕು, ಅಷ್ಟೇ," ಎಂದಿದ್ದ. ಮನಸ್ಸು ತನಗೆ ಬೇಕಾದ ವಾಕ್ಯಗಳನ್ನು ಮಾತ್ರ ನೆನಪಿಟ್ಟುಕೊಳ್ಳುತ್ತದೆ. ಈ ವಾಕ್ಯ ಅದಕ್ಕೆ ಬೇಕಾಗಿರಲಿಲ್ಲ.

ಮೇ ತಿಂಗಳ ಒಂದು ಶನಿವಾರ ಮಧ್ಯಾಹ್ನ. ನನಗೆ ರಜೆ. ಮೀಟರ್ ಬೋರ್ಡಿನಲ್ಲಿ ನಮ್ಮ ಫೇಸಿನ ತಂತಿ ಸುಟ್ಟು ಕರಕಲಾಗಿತ್ತು. ಬದಲಾಯಿಸಲು ತಾವಡೆ ಬಂದ. ಬೋರ್ಡಿನ ಮೇಲಿನ ದೊಡ್ಡ ಫ್ಯೂಸುಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡು ಮೆಟ್ಟಿಲ ಬುಡದಿಂದ ಎಂದಿನಂತೆ ಕೂಗಿದ: "ಮೇನ್ ಬಂದ್ ಕರಾ, ಹೋ!" ಎಲ್ಲರೂ ಮನೆಯ ಮೇನ್ ಸ್ವಿಚ್ ಆರಿಸಿ ಎಂದು. ನಾನು ಕೇಳಿಸಿಕೊಂಡೆ. ಕಿವಿ ಕೇಳಿಸಿಕೊಂಡಿತು ಎಂದರೆ ಸರಿಯಾದೀತು. ಕಣ್ಣು ಅತ್ತೆಯ ಮೇಲಿತ್ತು. ಅತ್ತೆ ಆಗಲೇ ಎದ್ದು ಕುರ್ಚಿಯ ತೋಳಿಗೆ ಕೈಹಾಕಿದ್ದರು.

"ಅತ್ತೆ, ಕೂತ್ಕೊಳ್ಳಿ ಕೂತ್ಕೊಳ್ಳಿ, ಈಗ ಬಂತು!" ಎನ್ನುತ್ತಾ, ಇನ್ವರ್ಟರಿಗೆ ಮೊದಲೇ ಜೋಡಿಸಿಟ್ಟಿದ್ದ ಎರಡು ತಲೆಯ ವೈರನ್ನು ಗೋಡೆಗೆ ಸಿಕ್ಕಿಸಿ ಇನ್ವರ್ಟರಿನ ಬಟನ್ ಒತ್ತಿದೆ.

ಫ್ಯಾನು ತಿರುಗಿತು. ಟ್ಯೂಬು ಹತ್ತಿತು. ದೇವರ ಬಲ್ಬೂ ಹತ್ತಿತು. ನಾನು ಗೆದ್ದವನ ಹಾಗೆ ಅತ್ತೆಯ ಮುಖ ನೋಡಿದೆ. ಅವರು ತೆರೆದ ಬಾಗಿಲಿನಾಚೆ ನೋಡುತ್ತಿದ್ದರು.

"ಅಲ್ಲಿಯೂ ಬಂತು ಕಾಣಿ," ಎಂದರು.

ಹೌದು. ಎದುರು ಮನೆಯ ಹಾಲಿನಲ್ಲಿ ಫ್ಯಾನು ತಿರುಗುತ್ತಿತ್ತು. ಸೋಫಾದಿಂದ ಎದ್ದು ಕೂತ ಜಗದೀಶ, "ಬಂತು ಭಾವ, ಬಂತು! ನಿಮ್ಮ ಟ್ರಕ್ಕು ವೇಸ್ಟ್ ಆಯ್ತಲ್ಲ!" ಎಂದು ಚಪ್ಪಾಳೆ ತಟ್ಟಿದ. ಟಕ್ಕೆಂದು ಕುರ್ಚಿ ನನ್ನ ಹೊಸ್ತಿಲು ದಾಟಿತು.

ಆಗ ನನಗೆ ಬಂದ ಸಿಟ್ಟನ್ನು ನೀವು ನೋಡಬೇಕಿತ್ತು. ತಿಂಗಳುಗಟ್ಟಲೆ ಕಾದು, ಪೆಟ್ಟಿಗೆ ತಂದು, ಬಟನ್ ಒತ್ತಿದ ಅದೇ ಗಳಿಗೆಯಲ್ಲಿ ಕರೆಂಟು ಬರಬೇಕೇ? ನನ್ನ ಫ್ಯಾನು ಬ್ಯಾಟರಿಯಲ್ಲಿ ತಿರುಗಬೇಕು, ಅವನದು ದೇವರ ದಯೆಯಲ್ಲಿ ತಿರುಗಬೇಕೇ? ಅವನ ಫ್ಯಾನು ನನ್ನದಕ್ಕಿಂತ ಚೆನ್ನಾಗಿ ತಿರುಗುತ್ತಿದೆ ಎಂದೂ ಅನ್ನಿಸಿತು. ಇಷ್ಟೆಲ್ಲ ಅನ್ನಿಸಿದವನಿಗೆ ಅನ್ನಿಸಬೇಕಾದ ಒಂದು ಸಂಗತಿ ಮಾತ್ರ ಅನ್ನಿಸಲಿಲ್ಲ.

ಅದು ಅನ್ನಿಸಿದ್ದು ಅಡುಗೆಮನೆಯಿಂದ ಬಂದ ಸುಮತಿಗೆ. ಅವಳು ನನ್ನ ಫ್ಯಾನು ನೋಡಿದಳು, ಎದುರಿನ ಫ್ಯಾನು ನೋಡಿದಳು, ಗೋಡೆಯಲ್ಲಿದ್ದ ವೈರು ನೋಡಿದಳು.

"ಅಲ್ಲ ಮಾರಾಯ್ರೆ, ಫ್ಯೂಸೆಲ್ಲ ತಾವಡೆಯ ಜೇಬಿನಲ್ಲಿ ಉಂಟು. ಮತ್ತೆ ಜಗದೀಶನ ಫ್ಯಾನಿಗೆ ಕರೆಂಟು ಎಲ್ಲಿಂದ?"

ನನ್ನ ಬ್ಯಾಟರಿಯಿಂದ. ಮೇನ್ ಆರಿಸದ್ದರಿಂದ ಕರೆಂಟು ನನ್ನ ಗೋಡೆಯೊಳಗೆ ನಿಲ್ಲದೆ, ನನ್ನ ಮೀಟರು ದಾಟಿ, ಬಂದ ದಾರಿಯಲ್ಲೇ ಹಿಂದಕ್ಕೆ ಇಳಿದು ಮೆಟ್ಟಿಲ ಕೆಳಗಿನ ಬೋರ್ಡಿಗೆ ಹೋಗಿತ್ತು. ಅಲ್ಲಿಂದ, ನಾನೇ ಹಟ ಮಾಡಿ ಸೇರಿಕೊಂಡ ಫೇಸಿನ ಮೂಲಕ, ಜಗದೀಶನ ಮನೆಗೆ ಹತ್ತಿತ್ತು. ಯಾವ ಮನೆ ಕತ್ತಲಲ್ಲಿರಲಿ ಎಂದು ಇಷ್ಟೆಲ್ಲ ಮಾಡಿದೆನೋ ಆ ಮನೆಗೆ ನಾನೇ ಗಾಳಿ ಬೀಸುತ್ತಿದ್ದೆ. ಆದರೆ ನಗಲು ಆಗ ಪುರುಸೊತ್ತಿರಲಿಲ್ಲ. ಆ ದಾರಿಯ ನಡುವೆ, ಸತ್ತ ತಂತಿ ಎಂದು ನಂಬಿ ಬರಿಗೈಯಲ್ಲಿ ಕೆಲಸ ಮಾಡುತ್ತಿದ್ದವನು ತಾವಡೆ.

ನಾನು ವೈರಿಗೆ ಕೈಹಾಕಿದೆ. "ಕೀಳಬೇಡಿ! ಬಟನ್ ಆಫ್ ಮಾಡಿ!" ಎಂದು ಸುಮತಿ ಕಿರುಚಿದಳು. ಕಿತ್ತಿದ್ದರೆ ಕರೆಂಟು ಹರಿಯುತ್ತಿದ್ದ ಆ ತುದಿಯ ಬೆತ್ತಲೆ ಪಿನ್ನು ನನ್ನ ಕೈಯಲ್ಲೇ ಇರುತ್ತಿತ್ತು. ಬಟನ್ ಒತ್ತಿದೆ. ಎರಡು ಮನೆಯ ಫ್ಯಾನುಗಳೂ ಒಟ್ಟಿಗೇ ಸೋತು ನಿಂತವು.

"ತಾವಡೆ!" ಎಂದು ಕೂಗಿದೆ. ಉತ್ತರವಿಲ್ಲ.

ಇನ್ನೊಮ್ಮೆ ಕೂಗಿದೆ. ಜೀವನವಿಡೀ ಚಿಂತೆಯಲ್ಲಿ ಕಸರತ್ತು ಮಾಡಿದ ನನಗೆ ಆ ಮೆಟ್ಟಿಲುಗಳನ್ನು ಇಳಿಯುವಾಗ ಚಿಂತೆ ಎಂದರೇನೆಂದು ಮೊದಲ ಬಾರಿ ಗೊತ್ತಾಯಿತು. ಅದರಲ್ಲಿ ಮಾತೇ ಇರುವುದಿಲ್ಲ.

ತಾವಡೆ ಕೊನೆಯ ಮೆಟ್ಟಿಲ ಮೇಲೆ ಕೂತಿದ್ದ. ಕೈಯಲ್ಲಿ ಟೆಸ್ಟರ್ ಇತ್ತು. ತಂತಿ ಮುಟ್ಟುವ ಮೊದಲು ಟೆಸ್ಟರ್ ಇಟ್ಟು ನೋಡಿದ್ದಾನೆ. ಅದರ ಪುಟ್ಟ ದೀಪ ಹತ್ತಿದೆ. ಜೇಬು ತಟ್ಟಿ ನೋಡಿಕೊಂಡಿದ್ದಾನೆ. ಫ್ಯೂಸು ಅಲ್ಲೇ ಇವೆ. ಆಮೇಲೆ ಬೆವರೊರೆಸಿಕೊಳ್ಳುತ್ತಾ ಕೂತುಬಿಟ್ಟಿದ್ದಾನೆ. ನನ್ನನ್ನೂ ನನ್ನ ಬನಿಯನ್ನನ್ನೂ ನೋಡಿ ಅವನಿಗೆ ಎಲ್ಲ ಅರ್ಥವಾಯಿತು.

"ಕ್ಯಾ ಸಾಬ್, ಊಪರ್ ಪವರ್‌ಹೌಸ್ ಖೋಲಾ ಕ್ಯಾ?" ಎಂದ, ಮೇಲೆ ಪವರ್‌ಹೌಸನ್ನೇ ತೆರೆದಿದ್ದೀರಾ ಎಂದು. ಆಮೇಲೆ ಮರಾಠಿಯಲ್ಲಿ ಒಂದಿಷ್ಟು ಹೇಳಿದ. ಅದನ್ನು ಇಲ್ಲಿ ಬರೆಯುವಂತಿಲ್ಲ. ಆದರೆ ಪ್ರತಿ ಶಬ್ದವೂ ನನಗೆ ಸಲ್ಲಬೇಕಾದದ್ದೇ. ನಾನು ಅವನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತುಕೊಂಡೆ. ಹಿಂದಿನಿಂದ ಓಡಿ ಬಂದ ಜಗದೀಶ ಇಬ್ಬರಿಗೂ ನೀರು ಕೊಟ್ಟ. ಅವನ ಫ್ರಿಜ್ಜಿನ ನೀರು. ತಣ್ಣಗಿತ್ತು. ಅದಕ್ಕೂ ಹೊಟ್ಟೆಕಿಚ್ಚು ಪಡುವಷ್ಟು ತ್ರಾಣ ಆಗ ನನ್ನಲ್ಲಿರಲಿಲ್ಲ.

ಮನೆಮನೆಗೆ ಬರುವ ಕರೆಂಟು ನದಿಯ ಹಾಗೆ ಒಂದೇ ಕಡೆಗೆ ಹರಿಯುವಂಥದ್ದಲ್ಲವಂತೆ. ಉಯ್ಯಾಲೆಯ ಹಾಗೆ ಅತ್ತಿತ್ತ ತೂಗುವಂಥದ್ದಂತೆ. ತಂತಿಗೆ ಇದು ಕಂಪನಿ, ಇದು ಗಿರಾಕಿ ಎಂಬ ಭೇದವಿಲ್ಲ. ಎಲ್ಲಿಂದ ನೂಕಿದರೂ ಆಚೆಗೆ ಹೋಗುತ್ತದೆ. ಅದು ಹಿಂದಕ್ಕೆ ಹೋಗಬಾರದು ಎಂಬುದು ನಮ್ಮ ಅಗತ್ಯ, ಕರೆಂಟಿನದ್ದಲ್ಲ. ಯೋಚಿಸಿದರೆ ಲೋಕದ ಅರ್ಧ ಜಾಣ್ಮೆ ಈ ಹಿಂದಕ್ಕೆ ಹೋಗುವುದನ್ನು ತಡೆಯುವುದಕ್ಕೇ ಖರ್ಚಾಗಿದೆ. ನಮ್ಮ ಊರಿನ ಬಾವಿಯ ಪಂಪಿನ ಬುಡದಲ್ಲಿ ಒಂದು ವಾಲ್ವು ಇತ್ತು. ಎತ್ತಿದ ನೀರು ಮತ್ತೆ ಬಾವಿಗೆ ಇಳಿಯದ ಹಾಗೆ. ಮುಂಬಯಿಯ ನಾಲೆಗಳು ಸಮುದ್ರ ಸೇರುವಲ್ಲಿ ಗೇಟುಗಳಿವೆ. ಭರತದ, ಅಂದರೆ ಉಬ್ಬರದ ಹೊತ್ತಿಗೆ ಸಮುದ್ರವೇ ಊರೊಳಗೆ ಬರದ ಹಾಗೆ. ನಮ್ಮ ಎದೆಯೊಳಗೂ ಇವೆ ಎನ್ನುತ್ತಾರೆ ಡಾಕ್ಟರು. ಬಂದ ದಾರಿಗೆ ಸುಂಕವಿಲ್ಲವೆಂದು ರಕ್ತ ಹಿಂದಿರುಗದ ಹಾಗೆ. ಅದೇ ಎದೆಯಲ್ಲಿ ಹೊಟ್ಟೆಕಿಚ್ಚಿಗೆಂದು ಒಂದು ವಾಲ್ವು ಇಡಲು ಮಾತ್ರ ಮರೆತುಹೋಗಿದೆ. ಹಾಗಾಗಿ ಅದು ಹೊರಟಲ್ಲಿಗೇ ವಾಪಸು ಬರುತ್ತದೆ. ದಾರಿಯಲ್ಲಿ ಯಾರು ಬರಿಗೈಯಲ್ಲಿ ನಿಂತಿದ್ದಾರೆ ಎಂದು ಅದು ನೋಡುವುದಿಲ್ಲ.

ತಾವಡೆ ಅದೇ ಸಂಜೆ ಎರಡು ತಲೆಯ ವೈರನ್ನು ನನ್ನ ಕಣ್ಣೆದುರೇ ತುಂಡು ತುಂಡಾಗಿ ಕತ್ತರಿಸಿ, ಗೋಡೆಯ ಮೇಲೆ ಒಂದು ಚೇಂಜ್‌ಓವರ್ ಸ್ವಿಚ್ ಕೂರಿಸಿದ. ಅದಕ್ಕೊಂದು ಹಿಡಿ. ಮೇಲಕ್ಕೆ ನೂಕಿದರೆ ಕಂಪನಿಯ ಕರೆಂಟು, ಕೆಳಕ್ಕೆ ಎಳೆದರೆ ಬ್ಯಾಟರಿಯದು. ಎರಡೂ ಒಟ್ಟಿಗೆ ಆಗಬೇಕೆಂದರೆ ಆಗುವುದೇ ಇಲ್ಲ. ಹಾಗೆಯೇ ಅದನ್ನು ಮಾಡಿದ್ದಾರೆ. ಮರೆಗುಳಿಗಳಿಗೆ, ಆತುರಗಾರರಿಗೆ, ಷಡ್ಡಕರಿಗೆ ಹೇಳಿ ಮಾಡಿಸಿದ ವಸ್ತು.

ಅವನು ಹೋದ ಮೇಲೆ ಜಗದೀಶ ನಮ್ಮಲ್ಲೇ ಚಹಾಕ್ಕೆ ಕೂತ. ನನಗೆ ಒಂದು ಅನುಮಾನ ಕೊರೆಯುತ್ತಿತ್ತು. ನಾನೇನೋ ಮರುಳ, ಮೇನ್ ಆರಿಸಲಿಲ್ಲ. ಅವನಾದರೂ ಆರಿಸಿದ್ದರೆ ಅವನ ಫ್ಯಾನು ತಿರುಗುತ್ತಿರಲಿಲ್ಲವಲ್ಲ?

"ನೀನ್ಯಾಕೆ ಮೇನ್ ಬಂದ್ ಮಾಡಲಿಲ್ಲ ಜಗದೀಶ? ತಾವಡೆ ಕೂಗಿದ್ದು ಕೇಳಲಿಲ್ವಾ?"

ಅವನು ಚಹಾದ ಲೋಟವನ್ನು ಕೆಳಗಿಟ್ಟ.

"ಕೇಳಿತ್ತು ಭಾವ. ಸತ್ಯ ಹೇಳ್ತೇನೆ, ಬೈಬಾರದು. ನೀವು ಆ ಟ್ರಕ್ಕು ತಂದ ದಿವಸದಿಂದ ನಂಗೆ ಸಮ ನಿದ್ರೆ ಇಲ್ಲ. ಮೇನ್ ಬಂದ್ ಮಾಡಿ ಮಲಗಿದ್ರೆ ಕರೆಂಟು ಬಂದದ್ದು ಗೊತ್ತಾಗ್ಲಿಕ್ಕಿಲ್ಲ. ನಿಮ್ಮಲ್ಲಿ ಮೊದಲು ಫ್ಯಾನ್ ತಿರುಗಿದ್ರೆ ಎಂತ ಮಾಡೂದು? ಅದಕ್ಕೇ ಸ್ವಿಚ್ ಹಾಕಿಯೇ ಇಟ್ಟು ಫ್ಯಾನ್ ನೋಡ್ತಾ ಬಿದ್ಕೊಂಡಿದ್ದೆ."

ಕರೆಂಟಿಗೆ ಒಂದು ಸುತ್ತು ಪೂರ್ತಿಯಾಗಬೇಕು, ಇಲ್ಲದಿದ್ದರೆ ಅದು ಹರಿಯುವುದಿಲ್ಲ ಎಂದು ಶಾಲೆಯಲ್ಲಿ ಓದಿದ್ದೆ. ನನ್ನ ಕಡೆಯ ಸ್ವಿಚ್ಚನ್ನು ನಾನು ಹಾಕಿಟ್ಟಿದ್ದೆ, ಅವನ ಕಡೆಯದನ್ನು ಅವನು. ನಡುವೆ ಪಾಪದ ತಾವಡೆ. ಇಷ್ಟು ದಿನ ಹೊಟ್ಟೆಕಿಚ್ಚು ನನ್ನೊಬ್ಬನ ಸ್ವಂತ ಸೊತ್ತು ಎಂದುಕೊಂಡಿದ್ದೆನಲ್ಲ, ಅದರಲ್ಲೂ ಅವನು ಸಮಪಾಲು ತೆಗೆದುಕೊಂಡ! ನಿಜ ಹೇಳಬೇಕೆಂದರೆ ಅದನ್ನು ಕೇಳಿ ನನಗೆ ಬಹಳ ಸಂತೋಷವಾಯಿತು. ನನ್ನನ್ನು ನೋಡಿಯೂ ಒಬ್ಬನಿಗೆ ನಿದ್ದೆ ಬಾರದ ಹಾಗಾಗುತ್ತದೆ ಎಂಬುದು ಸಣ್ಣ ಗೌರವವಲ್ಲ.

ಜೂನ್ ಬಂತು. ಒಂದು ಮಧ್ಯಾಹ್ನ ಮತ್ತೆ ನಮ್ಮ ಫೇಸ್ ಹೋಯಿತು. ನಾನು ಮೊದಲು ಮೆಟ್ಟಿಲ ಬುಡ ಇಣುಕಿ ಬೋರ್ಡಿನ ಬಳಿ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು ಬಂದೆ. ಇನ್ನೊಮ್ಮೆ ಹೋಗಿ ಇಣುಕಿ ಬಂದೆ. ಆಮೇಲೆ ಚೇಂಜ್‌ಓವರಿನ ಹಿಡಿಯನ್ನು ಕೆಳಕ್ಕೆ ಎಳೆದೆ. ಇಡೀ ಮನೆ ಬೆಳಗಿತು. ಎದುರು ಬಾಗಿಲಿನಾಚೆ ಫ್ಯಾನು ನಿಂತೇ ಇತ್ತು. ಅದರ ಕೆಳಗೆ ಹೋಟೆಲಿನಿಂದ ಆಗತಾನೆ ಬಂದ ಜಗದೀಶ ಅಂಗಿ ಬಿಚ್ಚಿ, ಬೆವರಿನಲ್ಲಿ ತೊಯ್ದು ಕೂತಿದ್ದ. ಕೊನೆಗೂ! ನಾನು ಇಷ್ಟು ಕಾಲ ಕನಸು ಕಂಡ ಚಿತ್ರ ಇದೇ.

ಟಕ್ಕೆಂದು ಸದ್ದಾಯಿತು. ಅತ್ತೆ ಕುರ್ಚಿಯನ್ನು ಎತ್ತಿಕೊಂಡು ಹೊಸ್ತಿಲು ದಾಟುತ್ತಿದ್ದರು. ಇನ್ನೊಂದು ಕೈಯಲ್ಲಿ ಬೀಸಣಿಗೆ.

"ಅತ್ತೆ, ಎಲ್ಲಿಗೆ? ಫ್ಯಾನ್ ಇಲ್ಲಿ ಉಂಟಲ್ಲ!"

"ಅದಕ್ಕೇ ಹೇಳಿದ್ದು," ಎಂದರು ಅತ್ತೆ ತಿರುಗಿಯೂ ನೋಡದೆ. "ನಿಮಗೆ ಫ್ಯಾನ್ ಉಂಟು. ಆ ಪಾಪದವನಿಗೆ ಎಂತ ಉಂಟು?"

ನಾನು ನನ್ನ ಫ್ಯಾನಿನ ಕೆಳಗೆ ಒಬ್ಬನೇ ಕೂತೆ. ಗಾಳಿ ಬೇಕಾದಷ್ಟಿತ್ತು. ಎದುರಿಗೆ, ಕಿಟಕಿಯ ಬೆಳಕಿನಲ್ಲಿ, ಅತ್ತೆ ಬೆತ್ತದ ಕುರ್ಚಿಯಲ್ಲಿ ಕೂತು ಜಗದೀಶನಿಗೆ ಬೀಸುತ್ತಾ ಯಾವುದೋ ಹಳೆಯ ಸಂಗತಿ ಹೇಳುತ್ತಿದ್ದರು. ಅವನು ನಗುತ್ತಿದ್ದ. ಸ್ವಲ್ಪ ಹೊತ್ತು ನೋಡಿದೆ. ಇನ್ನೂ ಸ್ವಲ್ಪ ಹೊತ್ತು ನೋಡಬಹುದಾಗಿತ್ತು, ಆದರೆ ಸೆಕೆ ತಡೆಯಲಾಗಲಿಲ್ಲ.

ಎದ್ದು ಚೇಂಜ್‌ಓವರಿನ ಹಿಡಿಯನ್ನು ನಡುವಿಗೆ ತಂದು ನಿಲ್ಲಿಸಿದೆ. ಅಲ್ಲಿ ಕಂಪನಿಯೂ ಇಲ್ಲ, ಬ್ಯಾಟರಿಯೂ ಇಲ್ಲ. ಒಂದು ಸ್ಟೂಲು ಹಿಡಿದುಕೊಂಡು ಎದುರು ಮನೆಗೆ ಹೋಗಿ ಜಗದೀಶನ ಪಕ್ಕದಲ್ಲಿ ಹಾಕಿಕೊಂಡು ಕೂತೆ.

"ಎಂತ ಭಾವ, ಪವರ್‌ಹೌಸ್ ಬಂದಾ?" ಎಂದ ಅವನು.

"ಬಂದ್," ಎಂದೆ.

ಅತ್ತೆ ಹೇಳುತ್ತಿದ್ದ ಸಂಗತಿಯನ್ನು ನಿಲ್ಲಿಸಲಿಲ್ಲ. ಬೀಸಣಿಗೆ ಮಾತ್ರ ಒಮ್ಮೆ ಅವನ ಕಡೆಗೆ, ಒಮ್ಮೆ ನನ್ನ ಕಡೆಗೆ ಅತ್ತಿತ್ತ ತೂಗತೊಡಗಿತು. ಎಷ್ಟು ಹೊತ್ತು ಕೂತಿದ್ದೆವೋ, ಕರೆಂಟು ಯಾವಾಗ ಬಂತೋ, ಅವನ ಫ್ಯಾನು ಯಾವಾಗ ತಿರುಗಿತೋ ನಾನು ಗಮನಿಸಲಿಲ್ಲ. ಅವನ ಕಡೆಗೆ ಒಂದೆರಡು ಬೀಸು ಹೆಚ್ಚು ಬಿತ್ತು ಎಂಬುದನ್ನು ಮಾತ್ರ ಗಮನಿಸಿದ್ದೇನೆ.